ಅಕ್ಕ ಮಲಗಿದ್ದ ಗಾಡಿಯ ಕರೆಂಟು ಲೆಕ್ಕ

ಯಾರಾದರೂ ‘ಸುಮ್ಮನೆ ಒಂದು ಅಂದಾಜು ಹೇಳಿ’ ಎಂದರೆ ಸಾಕು, ಈಗಲೂ ನನ್ನ ಮೈ ಉರಿಯುತ್ತದೆ.

ನನ್ನ ಗಂಡ ನಿವೃತ್ತರಾದಾಗ ಒಂದು ಹಳೆಯ ಪುಟ್ಟ ವ್ಯಾನು ಕೊಂಡರು. ಅದರೊಳಗೆ ಹಲಗೆಯ ಹಾಸಿಗೆ, ಒಂದು ಫ್ಯಾನು, ಲೈಟು, ಮೊಣಕಾಲೆತ್ತರದ ಫ್ರಿಜ್ಜು ಕೂರಿಸಿ, ಇದು ಕ್ಯಾಂಪರ್ ಎಂದರು. ಕೊಂಕಣದ ದಂಡೆಯುದ್ದಕ್ಕೂ ತಿರುಗೋಣ ಎಂದು ನನ್ನ ತಲೆ ತಿಂದರು. ಒಂದೇ ಸಲ ಹೋದೆವು, ಸೊಳ್ಳೆ ಕಡಿಸಿಕೊಂಡು ಬಂದೆವು. ಆಮೇಲೆ ಅದು ಮುಂಬೈಯ ವಿಲೆ ಪಾರ್ಲೆಯಲ್ಲಿರುವ ನಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ ಹೊದಿಕೆ ಹೊದ್ದು ಬಿದ್ದುಕೊಂಡಿತ್ತು.

ಆ ಹೊದಿಕೆ ತೆಗೆಯುವಂತಾದದ್ದು ನನ್ನ ಅಕ್ಕನಿಗಾಗಿ. ವಿಜಯಪುರದಲ್ಲಿ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಗಿ, ಇಲ್ಲಿ ಪರೇಲ್‌ನ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿದೆ, ಬಿಲ್ಡಿಂಗಿಗೆ ಲಿಫ್ಟಿಲ್ಲ. ಮೊದಲ ಕೀಮೋ ಮುಗಿಸಿ ಬಂದ ದಿನ ಅವಳು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, “ನನ್ನ ಇಲ್ಲೇ ಬಿಡ್ರಿ” ಎಂದು ಅತ್ತಳು. ಮರುದಿನವೇ ಗಾಡಿಯನ್ನು ಒರೆಸಿ, ತೊಳೆದು, ಅವಳಿಗೆ ಅದರಲ್ಲೇ ಹಾಸಿಗೆ ಹಾಸಿದೆ. ಕೆಳಗೇ ಬಿಲ್ಡಿಂಗಿನ ಬಾತ್‌ರೂಮು ಇತ್ತು. ಊಟ ನಾನು ಮೇಲಿಂದ ತರುತ್ತಿದ್ದೆ. ಹಾಸಿಗೆ ಒಬ್ಬರಿಗೆ ಆಗುವಷ್ಟೇ ಇದ್ದುದರಿಂದ ಅವಳು ಮಲಗಿದ ನಂತರ ನಾನು ಮೇಲೆ ಹೋಗುತ್ತಿದ್ದೆ. ಪ್ರತಿ ಕೀಮೋದ ನಂತರ ಅವಳಿಗೆ ಕೆಲವು ದಿನ ಇಂಜೆಕ್ಷನ್ ಕೊಡಬೇಕಿತ್ತು. ಅದರಿಂದ ರಕ್ತದ ಬಿಳಿಕಣಗಳ ಕೌಂಟು ಏರದಿದ್ದರೆ ಮುಂದಿನ ಕೀಮೋ ಕೊಡುವುದಿಲ್ಲ, ಆ ಇಂಜೆಕ್ಷನ್‌ಗಳು ಸದಾ ಫ್ರಿಜ್ಜಿನಲ್ಲೇ ಇರಬೇಕು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅವನ್ನು ಅವಳ ಕೈಗೆಟುಕುವಂತೆ ಗಾಡಿಯ ಫ್ರಿಜ್ಜಿನಲ್ಲೇ ಇಟ್ಟೆ.

ಪಂಪ್‌ರೂಮಿನ ಪಕ್ಕದ ಪ್ಲಗ್ಗಿಗೆ ಗಾಡಿಯ ವೈರು ಚುಚ್ಚಿದೆವು. ಅದು ಕಾಮನ್ ಮೀಟರು, ಎಂದರೆ ಅದರ ಬಿಲ್ಲನ್ನು ಇಡೀ ಬಿಲ್ಡಿಂಗು ಹಂಚಿಕೊಳ್ಳುತ್ತದೆ. ವಾರದೊಳಗೆ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಬಂದ. ನಾಲ್ಕನೇ ಮಹಡಿಯಿಂದ ನಮ್ಮದೇ ವೈರು ಇಳಿಬಿಡುತ್ತೇವೆ ಎಂದರೆ ಅದು ಅಪಾಯವಂತೆ. ಇಲ್ಲಿಂದಲೇ ತಗೊಳ್ಳಿ, ಆದರೆ ಎಷ್ಟು ಕರೆಂಟು ಉರಿಯುತ್ತದೆ ಎಂದು ಎಸ್ಟಿಮೇಟ್ ಕೊಟ್ಟು ಅಷ್ಟು ದುಡ್ಡು ತುಂಬಿ, ಸುಮ್ಮನೆ ಒಂದು ಅಂದಾಜು ಹೇಳಿ ಎಂದ. ಗಣಪತಿಗೆ ಇದೇ ಪ್ಲಗ್ಗಿನಿಂದ ಗೇಟಿನಿಂದ ಟೆರೇಸಿನವರೆಗೆ ಜಗಮಗ ಸರ ಹಾಕುವಾಗ ಯಾವನೂ ಎಸ್ಟಿಮೇಟ್ ಕೇಳಲಿಲ್ಲ. ಅವನ ಮಗಳ ಮದುವೆಯ ಹಳದಿ ಶಾಸ್ತ್ರಕ್ಕೆ ರಾತ್ರಿಯೆಲ್ಲ ಡಿಜೆ ಹಾಕಿ ಕುಣಿದಾಗಲೂ ಕೇಳಲಿಲ್ಲ. ಒಂದು ಜೀವ ಉಳಿಸುವ ಫ್ರಿಜ್ಜಿಗೆ ಮಾತ್ರ ಎಸ್ಟಿಮೇಟ್ ಬೇಕು!

ಅವನಾದರೂ ಹೊರಗಿನವನು. ನನ್ನ ಗಂಡನಿಗೆ ಏನಾಗಿತ್ತು? ಧಾರವಾಡದ ಈ ಪ್ರಾಮಾಣಿಕ ಮನುಷ್ಯರಿಗೆ, ನಾಳೆ ಯಾರಾದರೂ ತಮ್ಮನ್ನು ಒಂದು ಮಾತು ಅಂದಾರು ಎಂಬುದಕ್ಕಿಂತ ದೊಡ್ಡ ಭಯವಿಲ್ಲ. ಕನ್ನಡಕ ಏರಿಸಿಕೊಂಡು, ಗಾಡಿಯೊಳಗಿನ ಒಂದೊಂದು ಸಾಮಾನಿನ ಹಿಂದೆ ಅಂಟಿಸಿದ ಚೀಟಿಯ ವ್ಯಾಟ್ ನೋಡಿ ಬರೆದುಕೊಂಡರು. ಎಲ್ಲವನ್ನೂ ದಿನದ ಇಪ್ಪತ್ನಾಲ್ಕು ತಾಸಿಗೆ ಗುಣಿಸಿದರು. ಫ್ರಿಜ್ಜು ತಣ್ಣಗಾದ ಮೇಲೆ ತಾನಾಗಿ ನಿಲ್ಲುತ್ತದೆ, ಬಿಸಿಯಾದರೆ ಮತ್ತೆ ಗುರ್ ಅನ್ನುತ್ತದೆ, ಇದು ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಗೊತ್ತಿರುವ ಮಾತು. ಇವರಿಗೆ ಗೊತ್ತಿಲ್ಲ. ಗಾಡಿಯ ಮೂಲೆಯಲ್ಲಿ ಯಾರೂ ಮುಟ್ಟದ ಕರೆಂಟಿನ ಒಲೆಯೊಂದಿತ್ತು, ಅದನ್ನೂ ಲೆಕ್ಕದಲ್ಲಿ ದಿನವಿಡೀ ಉರಿಸಿಬಿಟ್ಟರು.

“ರೀ, ಆ ಒಲಿ ಯಾಕ ಹಿಡದೀರಿ? ಅದನ್ನ ಯಾರ್ ಹಚ್ಚತಾರ?” ಎಂದೆ.

“ಇರ್ಲಿ ಬಿಡ. ಹೆಚ್ಚಿಗಿ ಹೇಳಿದ್ರ ತಪ್ಪಿಲ್ಲ. ಕಡಿಮಿ ಹೇಳಿದ್ರ ಕಳ್ಳರಾಗತೀವಿ.”

ಭಾನುವಾರ ಬೆಳಿಗ್ಗೆ ಕಂಪೌಂಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕಮಿಟಿ ಕೂತಿತು. ಕೂತದ್ದು ಎಲ್ಲಿ? ಗಾಡಿಯ ಪಕ್ಕದಲ್ಲೇ. ನನ್ನ ಗಂಡ ಎದ್ದು ನಿಂತು, ಫ್ಯಾನು ಇಷ್ಟು, ಲೈಟು ಇಷ್ಟು, ಫ್ರಿಜ್ಜು ಇಷ್ಟು, ಒಲೆ ಇಷ್ಟು ಎಂದು ಗಟ್ಟಿಯಾಗಿ ಓದಿದರು. ಒಟ್ಟು ಕೇಳಿ ಸೆಕ್ರೆಟರಿ, “ಬಾಪ್‌ರೇ! ಇಷ್ಟೊಂದಾ? ಇದು ಪೇಶಂಟಾ, ಫ್ಯಾಕ್ಟರಿಯಾ?” ಎಂದು ಹಲ್ಲು ಕಿರಿದ. ಕೂತವರೆಲ್ಲ ನಕ್ಕರು. ಕಿಟಕಿಯ ಪರದೆಯ ಆಚೆ ಒಂದು ಮೊಳ ದೂರದಲ್ಲಿ ಅಕ್ಕ ಮಲಗಿದ್ದಳು. ಮುಂಬೈಯ ಹಿಂದಿ ಅವಳಿಗೆ ಬಾರದು, ಆದರೆ ನಗು ಯಾರಿಗೆ ಅರ್ಥವಾಗುವುದಿಲ್ಲ? ಮೊತ್ತ ತುಂಬುತ್ತೇವೆ ಎಂದು ಹೇಳಿ ಗಂಡ ಕುರ್ಚಿಗೆ ಕೂತರು, ಮುಖದಲ್ಲಿ ಸಮಾಧಾನ ಬೇರೆ.

ಅಕ್ಕ ಆ ದಿನ, “ನಿಮ್ಮವರು ಭಾಳ ಚೊಕ್ಕ ಮನಷ್ಯಾರು” ಎಂದಳು, ಅಷ್ಟೇ. ನನಗೆ ಆಗಲೇ ತಿಳಿಯಬೇಕಿತ್ತು. ನಮ್ಮ ತವರಿನಲ್ಲಿ ಮಲಗುವ ಮುಂಚೆ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆಯುವ ರೂಢಿ. ಉರಿಯುವ ದೀಪ ಬಿಟ್ಟು ಮಲಗಿದರೆ ಅವ್ವ ನಿದ್ದೆಯಿಂದ ಎಬ್ಬಿಸಿ ಬೈಯುತ್ತಿದ್ದಳು. ಆ ಸ್ವಿಚ್ಚು ಎಳೆಯುವ ಕೆಲಸ ಹಿರಿಯ ಮಗಳಾದ ಅಕ್ಕನದೇ ಆಗಿತ್ತು.

ಕೆಲವು ದಿನಗಳ ನಂತರ ಪರೇಲ್‌ನಲ್ಲಿ ರಕ್ತ ನೋಡಿ ಡಾಕ್ಟರು ಮುಖ ಗಂಟು ಹಾಕಿದರು. ಕೌಂಟು ಏರಿಯೇ ಇಲ್ಲ, ಕೀಮೋ ಮುಂದಕ್ಕೆ ಹಾಕಬೇಕು ಎಂದರು. “ಇಂಜೆಕ್ಷನ್ ಫ್ರಿಜ್ಜಿನಲ್ಲೇ ಇತ್ತಲ್ಲ?” ಎಂದು ಕೇಳಿದರು. ಇತ್ತು ಎಂದು ನಾನು ಎದೆ ತಟ್ಟಿ ಹೇಳಿದೆ. ಅಕ್ಕ ನೆಲ ನೋಡುತ್ತಿದ್ದಳು.

ಮನೆಗೆ ಬಂದವಳೇ ಗಾಡಿಯ ಫ್ರಿಜ್ಜು ತೆಗೆದೆ. ಒಳಗೆ ಬೆಚ್ಚಗೆ, ಮುಗ್ಗಲು ವಾಸನೆ. ಉಳಿದ ಒಂದು ಇಂಜೆಕ್ಷನ್ ಒದ್ದೆ ಬಟ್ಟೆ ಸುತ್ತಿಸಿಕೊಂಡು ಹಾಸಿಗೆಯ ಕೆಳಗೆ ತಂಬಿಗೆಯ ನೀರಿನಲ್ಲಿ ಕೂತಿತ್ತು. ಫ್ಯಾನಿನ ಸ್ವಿಚ್ಚೂ ಆರಿತ್ತು. ಮೇ ತಿಂಗಳ ಮುಂಬೈಯಲ್ಲಿ, ತಗಡಿನ ಆ ಡಬ್ಬಿಯಲ್ಲಿ, ಇವಳು ಗಾಳಿಯಿಲ್ಲದೆ ರಾತ್ರಿ ಕಳೆಯುತ್ತಿದ್ದಳು.

“ಎಂದಿನಿಂದ ಬಂದ್ ಮಾಡೀದಿ?” ಎಂದು ಕೂಗಿದೆ.

“ನೀ ಮ್ಯಾಲ ಹೋದಮ್ಯಾಲ ಬಂದ್ ಮಾಡ್ತಿದ್ದೆ, ಮುಂಜಾನಿ ನೀ ಚಾ ತರೂದ್ರಾಗ ಚಾಲೂ ಮಾಡ್ತಿದ್ದೆ. ಇವತ್ತ ದವಾಖಾನಿ ಗಡಿಬಿಡ್ಯಾಗ ಮರ್ತೆ. ಹಸಿ ಅರಿವಿ ಸುತ್ತಿದ್ರ ತಣ್ಣಗ ಇರತಾವಲ್ಲ.”

“ಯಾಕ ಅಕ್ಕಾ? ಯಾರ್ ಕೇಳಿದ್ರು ನಿನಗ?”

ಅವಳು ಸೆರಗಿನಿಂದ ಬೋಳುತಲೆ ಮುಚ್ಚಿಕೊಂಡಳು. “ಸಿಟ್ಟಾಗಬ್ಯಾಡ. ನಾ ಎಷ್ಟ ದಿನ ಇರ್ತೀನೋ ಏನೋ. ನನ್ನ ಸಲುವಾಗಿ ನಿಮ್ಮ ಮನಿಯವರು ಹತ್ತ ಮಂದಿ ಮುಂದ ಎದ್ದ ನಿಂತರು. ಅದೊಂದ ನನಗ ತಡೀಲಿಲ್ಲ.”

ಮಹಡಿ ಹತ್ತಿದವಳು ಗಂಡನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಚೊಕ್ಕತನ ಸುಡಲಿ ಎಂದೆ. ಅವರು ಚಪ್ಪಲಿ ಮೆಟ್ಟಿ ಹೊಸ ಇಂಜೆಕ್ಷನ್ ತರಲು ಹೋದರು. ಅಷ್ಟರಿಂದ ನನ್ನ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಾನು ಆಸ್ಪತ್ರೆಯಿಂದ ತಂದಿದ್ದ ಬಿಳಿ ಅಂಟುಪಟ್ಟಿ ಹಿಡಿದು ಕೆಳಗಿಳಿದೆ. ಫ್ರಿಜ್ಜಿನ ಸ್ವಿಚ್ಚು ಹಾಕಿ, ಅಕ್ಕನ ಬೆರಳು ತೂರದ ಹಾಗೆ ಅದರ ಮೇಲೆ ಪಟ್ಟಿ ಸುತ್ತಿದೆ. ಫ್ಯಾನಿನದಕ್ಕೂ ಸುತ್ತಿದೆ. ಸಿಟ್ಟಿಗೆ ಲೈಟನ್ನೂ ಹಚ್ಚಿ ಅದರ ಸ್ವಿಚ್ಚಿಗೂ ಸುತ್ತಿದೆ. ಹೊರಗೆ ಸೆಕ್ರೆಟರಿ ಬಿಲ್ಡಿಂಗಿನ ಹುಡುಗರಿಗೆ ಏನೋ ಹೇಳುತ್ತ ನಿಂತಿದ್ದ. ಅಕ್ಕ ಫ್ಯಾನಿನ ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ತಂಗೀ, ಹಗಲ ಐತಲ್ಲ... ಲೈಟಾದ್ರೂ ಬಂದ್ ಮಾಡ್ಲೇನ?”

“ಬ್ಯಾಡ!” ಎಂದು ಇಡೀ ಕಂಪೌಂಡಿಗೆ ಕೇಳುವಂತೆ ಕಿರುಚಿದೆ.