ಜೀವಕೋಶಗಳಿಗೆ ಕೊಟ್ಟ ನೀರು

ಎರಡು ಸಾವಿರದ ಇಸವಿಯ ಆಚೀಚೆ, ಇಂದಿರಾನಗರದ ಪ್ರಯೋಗಾಲಯವೊಂದರಲ್ಲಿ ನಾನು ಸಾಕುತ್ತಿದ್ದದ್ದು ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು. ಹಾರ್ಮೋನು ಸಿಕ್ಕರೆ ಬೆಳೆಯುತ್ತವೆ, ಇಲ್ಲದಿದ್ದರೆ ಸುಮ್ಮನೆ ಬಿದ್ದಿರುತ್ತವೆ. ಬೋರ್‌ವೆಲ್ ನೀರಿನ ಸಾರ ಹಾಕಿ ಆರು ದಿನ ಬಿಟ್ಟು ಎಣಿಸಬೇಕು. ಬೆಳೆದಿದ್ದರೆ ಆ ನೀರಿನಲ್ಲಿ ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕ ಇದೆ ಎಂದರ್ಥ. ಅವಕ್ಕೆ ಮಾಡಿದಷ್ಟು ಉಪಚಾರ ನಾನು ಹೆತ್ತವರಿಗೂ ಮಾಡಿರಲಿಲ್ಲ. ಭಾನುವಾರವೂ ಹೋಗಿ ನೋಡಬೇಕು, ದರಿದ್ರದವು.

ಕೆ.ಆರ್. ಪುರದ ಎಂಟು ಮನೆಗಳವರಿಗೆ ಗಾಜಿನ ಬಾಟಲಿ ಕೊಟ್ಟು ನೀರು ತರಿಸಿದೆ. ಏಳು ಮನೆಯ ನೀರಿಗೆ ಜೀವಕೋಶಗಳು ಮಿಸುಕಲಿಲ್ಲ. ಎಂಟನೆಯದಕ್ಕೆ ಹಬ್ಬದೂಟ ಉಂಡಂತೆ ಬೆಳೆದವು. ಮತ್ತೆ ತರಿಸಿದೆ, ಮತ್ತೆ ಅದೇ. ಆ ಮನೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಡೆಯಲಾರದೆ ಅವಳ ತಾಯಿಗೆ ಫೋನು ಮಾಡಿ, ಆ ನೀರು ಕುಡಿಸಬೇಡಿ ಎಂದುಬಿಟ್ಟೆ. ಪಾಪ, ಮಂಡಿನೋವಿನ ಹೆಂಗಸು ಒಂದೂವರೆ ತಿಂಗಳು ಪಕ್ಕದ ಬೀದಿಯಿಂದ ಕೊಡ ಹೊತ್ತರು.

ಮೂರನೆಯ ಸಲ ನಾನೇ ಬಸ್ಸು ಹತ್ತಿ ಹೋಗಿ ಅವರ ನಲ್ಲಿಯಿಂದ ಹಿಡಿದು ತಂದೆ. ಜೀವಕೋಶಗಳು ತೆಪ್ಪಗಿದ್ದವು. ತಲೆ ಕೆಟ್ಟುಹೋಗಿ ಮತ್ತೆ ಅಲ್ಲಿಗೇ ಓಡಿದೆ.

"ನಾನು ಕೊಟ್ಟ ಬಾಟ್ಲಿಗೆ ನಲ್ಲಿಯಿಂದಾನೇ ಹಿಡಿದ್ರಾ ಆಂಟಿ?"

"ಅಯ್ಯೋ, ಇನ್ನೊಬ್ಬರಿಗೆ ಹಸಿ ನೀರು ಕೊಡ್ತಾರೇನಮ್ಮ? ಚೆನ್ನಾಗಿ ಕುದಿಸಿ, ಸೋಸಿ ಕೊಟ್ಟಿದ್ದೀನಿ."

"ಕುಡಿಯೋಕಲ್ಲ ಆಂಟಿ, ಅದು ಪರೀಕ್ಷೆಗೆ."

"ಯಾತಕ್ಕಾದ್ರೂ ಆಗ್ಲಿ, ನಮ್ಮನೆ ನೀರು ತಾನೇ."

ಕುದಿಸಿದ್ದನ್ನು ಯಾತರಲ್ಲಿ ಆರಿಸಿದಿರಿ ಎಂದು ಕೇಳಿದೆ. ಅಡುಗೆಕಟ್ಟೆಯ ಮೇಲಿದ್ದ ಹಳೆಯ ಪ್ಲಾಸ್ಟಿಕ್ ಜಗ್ಗು ತೋರಿಸಿದರು. ಮಳ್ಳುವ ನೀರನ್ನು ನೇರ ಅದಕ್ಕೇ ಸುರಿಯುವುದಂತೆ. ಬಿಸಿ ತಾಗಿದರೆ ಕೆಲವು ಪ್ಲಾಸ್ಟಿಕ್ಕುಗಳು ಹಾರ್ಮೋನಿನಂಥ ರಾಸಾಯನಿಕವನ್ನು ನೀರಿಗೆ ಬಿಡುತ್ತವೆ. ನಾನು ತಿಕ್ಕಿ ತೊಳೆದು ಕಾಯಿಸಿ ಕೊಟ್ಟ ಬಾಟಲಿಗಳು ನೆನಪಾಗಿ ಸಿಟ್ಟು ನೆತ್ತಿಗೇರಿತು. "ನಿಮ್ಮ ಬೋರ್‌ವೆಲ್‌ಗೆ ಏನೂ ಆಗಿಲ್ಲ ಆಂಟಿ. ಇದೆಲ್ಲ ಈ ಜಗ್ಗಿಂದೇ ಇರ್ಬೇಕು. ನನ್ನ ಅಷ್ಟೂ ಕೆಲಸ ನೀರುಪಾಲು" ಎಂದು ರೇಗಿಬಿಟ್ಟೆ.

ಅವರು ಜಗ್ಗನ್ನೇ ನೋಡುತ್ತ ನಿಂತರು. "ಹೊತ್ಕೊಂಡು ಬಂದಿದ್ದನ್ನೂ ಇದಕ್ಕೇ ಹಾಕ್ತಿದ್ದೆನಲ್ಲಮ್ಮ. ನೀವು ಹೇಳಿದ್ಮೇಲೆ ಇನ್ನೂ ಜಾಸ್ತಿ ಕುದಿಸ್ತಿದ್ದೆ. ಅವಳು ದಿನಾ ಕುಡಿದಿರೋದು ಇದನ್ನೇ. ಮಗೂಗೆ ಏನಾದ್ರೂ ಆಗುತ್ತಾ?"

ತುಂಬು ಬಸುರಿ ಮಗಳು ಬಾಗಿಲಿಗೆ ಬಂದು ನಿಂತಿದ್ದಳು. ಆ ಮನೆಯ ನೀರನ್ನು ಮೂರು ಸಲ ಪರೀಕ್ಷಿಸಿದ ನಾನು, ನೀವು ಕುಡಿಯುವುದು ಯಾತರಿಂದ ಎಂದು ಒಮ್ಮೆಯೂ ಕೇಳಿರಲಿಲ್ಲ.

"ಗೊತ್ತಿಲ್ಲ ಆಂಟಿ" ಎಂದೆ. "ನನ್ನ ಪರೀಕ್ಷೆ ಅದನ್ನ ಹೇಳಲ್ಲ."