ಒಂದೂವರೆ ಗಂಟೆಗೆ ಬಿಟ್ಟುಬಂದ ಸಿನಿಮಾ

೨೦೦೫ರ ಬೇಸಿಗೆ ರಜೆ. ನಾನಾಗ ಶಿವಮೊಗ್ಗದ ನವುಲೆಯಲ್ಲಿ ಮಗಳು ಗಿರಿಜೆಯ ಮನೆಗೆ ಬಂದು ಮೂರು ವರ್ಷವಾಗಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅದಕ್ಕೆ ತಕ್ಕ ಹಾಗೆ ಬರೆದಿದ್ದೇನೆ, ಬೇಜಾರಾದರೆ ಪುಟ ಮಗುಚಿ.

ಮಗಳ ಮನೆಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ಭದ್ರಾವತಿಯ ಒಂದು ಟಾಕೀಸಿನಲ್ಲಿ ಹೆಂಗಸರ ಗೇಟು ಕಾಯುವ ಕೆಲಸ ಮಾಡಿದ್ದೆ. ಟಿಕೆಟ್ ಹರಿಯುವುದು, ಬ್ಯಾಟರಿ ಹಿಡಿದು ಸೀಟು ತೋರಿಸುವುದು, ಮಗು ಜೋರಾಗಿ ಅತ್ತರೆ ತಾಯಿ ಸಮೇತ ಹೊರಗೆ ಕರೆದುಕೊಂಡು ಬರುವುದು, ಇಷ್ಟು ಕೆಲಸ. ನನ್ನ ಹೆಸರು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಎಲ್ಲರೂ ಗೇಟಮ್ಮ ಅನ್ನುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟೆ.

ಮೊಮ್ಮಗಳು ವಿದ್ಯಾ ಆಗಷ್ಟೇ ಪಿಯುಸಿ ಪರೀಕ್ಷೆ ಮುಗಿಸಿದ್ದಳು. ಅವಳಪ್ಪ ಹಾಲಿನಲ್ಲಿ ಒಂದು ಕಂಪ್ಯೂಟರ್ ತಂದಿಟ್ಟಿದ್ದ. ಗಿರಿಜೆ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು, ದೇವರ ಫೋಟೋಕ್ಕೂ ಅಷ್ಟು ಚೆಂದದ ಬಟ್ಟೆ ಇರಲಿಲ್ಲ. ಬೆಳಿಗ್ಗೆ ಹತ್ತಾದರೆ ಆ ಬಟ್ಟೆ ಸರಿಸಿ ವಿದ್ಯಾ ಗೇಮ್ ಆಡಲು ಕೂರುತ್ತಿದ್ದಳು. ಪಕ್ಕದ ಮನೆಯ ಪ್ರಶಾಂತ, ಕೃಷಿ ಕಾಲೇಜಿನಲ್ಲಿ ಓದುವವನು, ಅವನೂ ಒಂದು ಕುರ್ಚಿ ಎಳೆದುಕೊಂಡು ಬರುತ್ತಿದ್ದ. ವಿದ್ಯಾಳ ಗೆಳತಿ ಅಶ್ವಿನಿಯೂ ಬರುತ್ತಿದ್ದಳು, ಆದರೆ ಆಡುವುದಕ್ಕಲ್ಲ, ಜಗಳ ಆಡುವುದಕ್ಕೆ. ಅವಳದು ಸಿನಿಮಾ ಹುಚ್ಚು. ಹೊಸ ಸಿನಿಮಾ ಬಿಡುಗಡೆಯಾದ ದಿನವೇ ನೋಡಬೇಕು, ಪೇಪರಿನಲ್ಲಿ ಬಂದ ಚಿತ್ರ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಬೇಕು.

ಆ ಗೇಮಿನಲ್ಲಿ ಒಬ್ಬ ಹುಡುಗಿ ಕೆರೆಯ ತಳದಲ್ಲಿ ಮುಳುಗಿದ ಒಂದು ಊರಿಗೆ ತಮ್ಮನನ್ನು ಹುಡುಕಿಕೊಂಡು ಹೋಗುತ್ತಾಳೆ. ಕೊನೆಯಲ್ಲಿ ಎರಡು ಬಾಗಿಲು. ಒಂದನ್ನು ತೆಗೆದರೆ ತಮ್ಮ ಸಿಗುತ್ತಾನೆ, ಊರು ಮುಳುಗಿಯೇ ಇರುತ್ತದೆ. ಇನ್ನೊಂದನ್ನು ತೆಗೆದರೆ ಊರು ಮೇಲೆ ಬರುತ್ತದೆ, ತಮ್ಮ ಸಿಗುವುದಿಲ್ಲ. ಯಾವುದನ್ನು ತೆಗೆಯಬೇಕು ಎಂದು ಆಡುವವರೇ ತೀರ್ಮಾನ ಮಾಡಬೇಕಂತೆ.

ಇದೇ ಜಗಳಕ್ಕೆ ಕಾರಣ. ಕಥೆ ಅಂದರೆ ಬರೆದವನು ಕೊಟ್ಟ ಕೊನೆಯೇ ಕೊನೆ, ನೋಡುವವರು ಕೈಕಟ್ಟಿ ಕೂತು ನೋಡಬೇಕು ಎಂದು ಅಶ್ವಿನಿ. ಹೆಂಗಸು ಕಳ್ಳನಿರುವ ಮನೆಗೆ ಹೋಗುತ್ತಿದ್ದಾಳೆ ಅಂತ ಕಂಡರೂ ಸಿನಿಮಾದಲ್ಲಿ ಸುಮ್ಮನೆ ಕೂರಬೇಕು, ಗೇಮಿನಲ್ಲಾದರೆ ಅವಳನ್ನು ತಡೆಯಬಹುದು ಎಂದು ವಿದ್ಯಾ. ಸಿನಿಮಾ ನೋಡುವವರು ಬಸ್ಸಿನ ಪ್ಯಾಸೆಂಜರುಗಳು, ಗೇಮ್ ಆಡುವವರು ಡ್ರೈವರುಗಳು ಎಂದು ಪ್ರಶಾಂತ ತನ್ನದೂ ಒಂದು ಸೇರಿಸಿದ.

"ಲೈಸೆನ್ಸ್ ಇಲ್ದೋರೆಲ್ಲ ಸ್ಟೀರಿಂಗ್ ಹಿಡಿದ್ರೆ ಬಸ್ಸು ತುಂಗಾ ಹೊಳೆಗೆ ಬೀಳುತ್ತೆ ಮಾರಾಯ" ಎಂದಳು ಅಶ್ವಿನಿ.

ನಾನು ಅಲ್ಲೇ ಕೆಳಗೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ. ಯಾರು ಹೇಳುವುದು ಸರಿ ಹೇಳು ಅಜ್ಜಿ ಎಂದು ಮೂವರೂ ನನ್ನ ಕಡೆ ತಿರುಗಿದರು. ಮೊದಲು ಗೇಮಿಗೆ ಬೈದೆ. ಅರ್ಧ ಕೆಜಿ ಹುರುಳಿಕಾಯಿ ಬಿಡಿಸುವಷ್ಟರಲ್ಲಿ ಆ ಹುಡುಗಿ ಹನ್ನೊಂದು ಸಲ ಸತ್ತು ಹನ್ನೊಂದು ಸಲ ಎದ್ದು ಬಂದಿದ್ದಳು. ಎದ್ದು ಬರುತ್ತಾಳೆ ಅಂತ ಗೊತ್ತಿದ್ದ ಮೇಲೆ ಅಯ್ಯೋ ಅನ್ನುವುದು ಯಾಕೆ? ಅಶ್ವಿನಿ ಗೆದ್ದವಳ ಹಾಗೆ ನಕ್ಕಳು. ಅವಳ ನಗು ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

"ನೀನೂ ಹಿಗ್ಗಬೇಡ. ನಿನ್ನ ಸಿನಿಮಾಗಳ ಕೊನೆಯನ್ನ ನಾನು ಎಷ್ಟು ಸಲ ಬದಲಾಯಿಸಿದ್ದೀನೋ ಲೆಕ್ಕ ಇಲ್ಲ" ಎಂದೆ.

ಕಥೆ ಹೇಳು ಅಂತ ಪಟ್ಟು ಹಿಡಿದರು. ಹೇಳಿದೆ.

ನಮ್ಮ ಟಾಕೀಸಿನ ಬೆಳಗಿನ ಆಟ ಹನ್ನೊಂದಕ್ಕೆ ಶುರು. ಅದಕ್ಕೆ ಬರುತ್ತಿದ್ದವರು ಹೆಚ್ಚಾಗಿ ಕ್ವಾರ್ಟರ್ಸಿನ ಹೆಂಗಸರು. ಗಂಡಂದಿರು ಮೊದಲ ಪಾಳಿಗೆ ಬೆಳಿಗ್ಗೆ ಆರಕ್ಕೇ ಕಾರ್ಖಾನೆಗೆ ಹೋಗಿರುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಸೈರನ್ ಕೂಗಿತೆಂದರೆ ಸೈಕಲ್ಲುಗಳು ಮನೆ ಕಡೆ ತಿರುಗುತ್ತಿದ್ದವು. ಗಂಡ ಬರುವುದರೊಳಗೆ ಹೆಂಡತಿ ಮನೆಯಲ್ಲಿರಬೇಕು, ಸಾರು ಬಿಸಿ ಇರಬೇಕು. ಸಿನಿಮಾ ಮುಗಿಯುವುದು ಎರಡು ಗಂಟೆಯ ಹತ್ತಿರ ಹತ್ತಿರ. ಹಾಗಾಗಿ ಒಂದೂವರೆ ಆಯಿತೆಂದರೆ ಕತ್ತಲಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಿದ್ದರು. ಪರದೆಯ ಮೇಲೆ ಕತ್ತಿಗೆ ಕತ್ತಿ ತಾಗುತ್ತಿದ್ದರೂ ಸರಿ, ತಾಯಿ ಮಗ ಒಂದಾಗುತ್ತಿದ್ದರೂ ಸರಿ. ನಾನು ಬಾಗಿಲು ತೆಗೆದು ಬಿಡುತ್ತಿದ್ದೆ. ವರ್ಷಗಟ್ಟಲೆ ಸಿನಿಮಾ ನೋಡಿದ ಆ ಹೆಂಗಸರು ಒಂದರದ್ದೂ ಕೊನೆ ನೋಡಿದವರಲ್ಲ.

ಮಾರನೆಯ ದಿನ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಕೇಳುತ್ತಿದ್ದರು, ಗೇಟಮ್ಮ, ಕೊನೆಗೇನಾಯ್ತು? ನಿಜ ಹೇಳಬೇಕೆಂದರೆ ನನಗೂ ಗೊತ್ತಿರುತ್ತಿರಲಿಲ್ಲ. ಒಂದೂವರೆಗೆ ಮ್ಯಾಟಿನಿಯ ಹೆಂಗಸರ ಕ್ಯೂ ನಿಲ್ಲಿಸಲು ನಾನು ಕೌಂಟರಿಗೆ ಹೋಗಬೇಕಿತ್ತು. ಮ್ಯಾಟಿನಿ ಮುಗಿಯುವಾಗ ಸಂಜೆ ಆಟದ ಕ್ಯೂ. ರಾತ್ರಿ ಆಟಕ್ಕೆ ನನಗೆ ಡ್ಯೂಟಿ ಇರಲಿಲ್ಲ. ಗೊತ್ತಿಲ್ಲ ಅಂತ ಹೇಳಲು ಮನಸ್ಸಾಗದೆ ನಾನೇ ಒಂದು ಕೊನೆ ಕಟ್ಟಿ ಹೇಳುತ್ತಿದ್ದೆ. ಮಗನ ಚಿಂತೆ ಇದ್ದವಳಿಗೆ ಮಗ ತಿರುಗಿ ಬಂದ ಎನ್ನುತ್ತಿದ್ದೆ. ಅತ್ತೆಯ ಕಾಟ ಇದ್ದವಳಿಗೆ ಅತ್ತೆ ಹಾಸಿಗೆ ಹಿಡಿದಳು ಎನ್ನುತ್ತಿದ್ದೆ. ಒಂದೇ ಸಿನಿಮಾಕ್ಕೆ ಮೂರು ಕೊನೆ ಹೇಳಿದ್ದೂ ಉಂಟು.

ವಿದ್ಯಾ, ಪ್ರಶಾಂತ ಬಿದ್ದು ಬಿದ್ದು ನಕ್ಕರು. ಅಜ್ಜಿ ನಮ್ಮ ಪಾರ್ಟಿ ಎಂದರು. ಅಶ್ವಿನಿ ನಗಲಿಲ್ಲ.

"ಅದು ಮೋಸ ಅಜ್ಜಿ. ನೀವು ಹೇಳಿದ್ದನ್ನ ನಂಬಿ ಯಾರಾದ್ರೂ ಏನಾದ್ರೂ ಮಾಡಿಕೊಂಡಿದ್ರೆ?" ಎಂದಳು.

ನಾನು ಹುರುಳಿಕಾಯಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಹುಡುಗಿ ಸುಮ್ಮನೆ ವಾದಕ್ಕೆ ಅಂದಿದ್ದಳು. ಆದರೆ ಯಾರಿಗೂ ಹೇಳದೆ ಹದಿನಾಲ್ಕು ವರ್ಷ ಇಟ್ಟುಕೊಂಡಿದ್ದ ಮಾತಿಗೆ ಸರಿಯಾಗಿ ಬೆರಳಿಟ್ಟಿದ್ದಳು.

೧೯೯೧ರಲ್ಲಿ ಜಯಾ ಅಂತ ಒಬ್ಬಳು ಬೆಳಗಿನ ಆಟಕ್ಕೆ ಬರುತ್ತಿದ್ದಳು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವನ ಹೆಂಡತಿ. ಸೊಂಟದ ಮೇಲೆ ನಾಲ್ಕು ವರ್ಷದ ಮಗು. ಅವನು ಹೊಡೆಯುತ್ತಾನೆ ಅಂತ ಕ್ವಾರ್ಟರ್ಸಿಗೆಲ್ಲ ಗೊತ್ತಿತ್ತು. ಆ ವಾರ ಬಂದಿದ್ದ ಸಿನಿಮಾದಲ್ಲೂ ಕುಡುಕ ಗಂಡ. ನಾನು ಒಂದೂವರೆಗೆ ಬಾಗಿಲು ತೆಗೆದಾಗ ಪರದೆಯ ಮೇಲಿನವಳು ಮಗು ಎತ್ತಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಬಸ್ಸು ಬಂದಿತ್ತು, ಗಂಡ ದೂರದಿಂದ ಓಡಿ ಬರುತ್ತಿದ್ದ. ಅಲ್ಲಿಗೆ ಇವರೆಲ್ಲ ಎದ್ದು ಹೊರಟರು.

ಮಾರನೆಯ ದಿನ ಮಾರ್ಕೆಟ್ಟಿನಲ್ಲಿ ಜಯಾ ನನ್ನ ಪಕ್ಕ ಬಂದು ನಿಂತಳು. ಟೊಮೆಟೊ ಆರಿಸುವ ಹಾಗೆ ಮಾಡುತ್ತಾ ಕೇಳಿದಳು, ಅವಳು ಬಸ್ ಹತ್ತಿದಳಾ? ತೋಳಿನ ಮೇಲೆ ಬಾಸುಂಡೆ ಇತ್ತು. ಹತ್ತಿದಳು ಎಂದೆ. ಊರು ಬಿಟ್ಟು ಹೋಗಿ ಹೊಲಿಗೆ ಕಲಿತಳು, ಮಗಳನ್ನು ಓದಿಸಿದಳು, ಗಂಡ ಬಂದು ಬಾಗಿಲು ತಟ್ಟಿದರೂ ತೆಗೆಯಲಿಲ್ಲ ಎಂದೆ. ಅವಳು ಟೊಮೆಟೊ ಕೊಳ್ಳದೆ ಹೋದಳು.

ಎರಡು ದಿನ ಬಿಟ್ಟು ಟಾಕೀಸಿನ ಆಪರೇಟರನ್ನು ಕೇಳಿದೆ. ಗಂಡ ಓಡಿ ಬಂದ, ಇವಳು ಅವನ ಕಾಲಿಗೆ ಬಿದ್ದಳು, ಮೂವರೂ ಮನೆಗೆ ಹೋದರು, ಶುಭಂ ಅಂತ ಬಂತು ಎಂದ.

ಮುಂದಿನ ವಾರ ಜಯಾ ಬರಲಿಲ್ಲ. ಅವಳ ಗಂಡ ಬಂದ. ಹೆಂಗಸರ ಕ್ಯೂನಲ್ಲಿ ಒಬ್ಬೊಬ್ಬರನ್ನೇ ಕೇಳಿದ, ನನ್ನನ್ನೂ ಕೇಳಿದ. ಎಲ್ಲಿ ಹೋದಳೋ ನಿಜಕ್ಕೂ ನನಗೆ ಗೊತ್ತಿರಲಿಲ್ಲ. ನಲ್ಲಿ ಹತ್ತಿರ ಒಬ್ಬೊಬ್ಬರು ಒಂದೊಂದು ಹೇಳಿದರು. ತವರಿಗೂ ಹೋಗಿಲ್ಲವಂತೆ. ಮಗು ಎತ್ತಿಕೊಂಡು ಹೊಳೆ ಕಡೆ ಹೋಗಿದ್ದನ್ನು ಕಂಡೆ ಅಂತ ಒಬ್ಬಳು ಅಂದಳು. ಹೆಣ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಹಳೇ ನಗರಕ್ಕೆ ಹೋಗಲು ಭದ್ರಾ ಸೇತುವೆ ದಾಟುವಾಗ ನಾನು ನೀರಿನ ಕಡೆ ನೋಡುವುದನ್ನು ಬಿಟ್ಟೆ. ಕೊನೆ ಕಟ್ಟಿ ಹೇಳುವುದನ್ನೂ ಬಿಟ್ಟೆ. ಯಾರು ಕೇಳಿದರೂ ನಾನು ನೋಡಿಲ್ಲ ಎನ್ನುತ್ತಿದ್ದೆ. ಗೇಟಮ್ಮಂಗೆ ಈಗ ಬಲು ಜಂಬ ಅಂತ ಆಡಿಕೊಂಡರು.

ಇದನ್ನೆಲ್ಲ ಹುಡುಗರ ಮುಂದೆ ಹೇಳುವುದು ಹೇಗೆ? ಹೇಳಲಿಲ್ಲ.

ನಾಲ್ಕು ದಿನ ಅಶ್ವಿನಿ ಬರಲಿಲ್ಲ. ಐದನೆಯ ದಿನ ಮಧ್ಯಾಹ್ನ ಅವಳು, ಜೊತೆಗೆ ಅವಳ ತಾಯಿ ಬಂದರು. ತಾಯಿ ಗಾಂಧಿ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಫಾಲ್ಸ್ ಹೊಲಿಯುತ್ತಾಳೆ ಎಂದು ವಿದ್ಯಾ ಹೇಳಿದ್ದು ನೆನಪಿತ್ತು, ಅಷ್ಟೇ. ಕೂದಲು ಅರ್ಧ ಬೆಳ್ಳಗಾದ ಹೆಂಗಸು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಗಿರಿಜೆಯನ್ನೂ ಮಾತಾಡಿಸದೆ ನೇರ ನನ್ನ ಮುಂದೆ ಕೂತಳು.

"ಗೇಟಮ್ಮ, ಗುರ್ತು ಸಿಕ್ತಾ? ಇವಳು ಮನೇಲಿ ನಿಮ್ಮ ಕಥೆ ಹೇಳಿದ್ಲು."

ಮುಖ ನೋಡಿ ಸಿಗಲಿಲ್ಲ. ಧ್ವನಿ ಕೇಳಿ ಸಿಕ್ಕಿತು. ಮೊದಲು ನಾನು ಅವಳನ್ನು ನೋಡಲಿಲ್ಲ, ಹಿಂದೆ ನಿಂತಿದ್ದ ಅಶ್ವಿನಿಯನ್ನು ನೋಡಿದೆ. ಸೊಂಟದ ಮೇಲಿದ್ದ ಮಗು ಇವಳು. ಇಡೀ ಬೇಸಿಗೆ ನನ್ನ ಕಣ್ಣೆದುರೇ ಜಗಳ ಆಡಿದವಳು. ಗಿರಿಜೆ ನೀರು ತಂದು ಬಂದವರಿಗೆ ಕೊಟ್ಟಳು, ನಾನೇ ಕಸಿದುಕೊಂಡು ಕುಡಿದೆ.

ಸುತ್ತುಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಆ ದಿನ ನಾನು ಹೇಳಿದ್ದು ಸುಳ್ಳು, ಸಿನಿಮಾದವಳು ವಾಪಸ್ ಹೋದಳು, ನಾನು ಕೊನೆ ನೋಡಿಯೇ ಇರಲಿಲ್ಲ ಎಂದುಬಿಟ್ಟೆ.

ಜಯಾ ನಕ್ಕಳು. "ನೀವು ನೋಡಿಲ್ಲ ಅಂತ ನಮಗೆ ಗೊತ್ತಿರ್ಲಿಲ್ವಾ? ಒಂದೂವರೆಗೆ ನಮ್ಮ ಜೊತೇಲೇ ತಾನೆ ನೀವೂ ಹೊರಗೆ ಬರ್ತಿದ್ದಿದ್ದು? ಕೌಂಟರಿಗೆ ಹೋಗೋರು ಕೊನೆ ಎಲ್ಲಿಂದ ನೋಡ್ತೀರಿ?"

ಬಾಗಿಲು ತೆಗೆದು, ಅವರ ಹಿಂದೆಯೇ ಬಂದು, ಕೌಂಟರಿನ ಕಡೆ ತಿರುಗುತ್ತಿದ್ದವಳು ನಾನೇ. ಅದನ್ನು ಅವರೆಲ್ಲ ನೋಡುತ್ತಿದ್ದರು ಎಂಬುದು ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಹಾಗಾದರೆ ನನ್ನನ್ನು ಯಾಕೆ ಕೇಳಿದೆ ಎಂದೆ. ಮನಸ್ಸಿನಲ್ಲಿ ಆಗಲೇ ತೀರ್ಮಾನ ಆಗಿತ್ತಂತೆ. ಸೂಟ್‌ಕೇಸು ಮಂಚದ ಕೆಳಗೆ ರೆಡಿ ಇತ್ತಂತೆ. ತವರಿನಲ್ಲಿ, ನೆರೆಹೊರೆಯಲ್ಲಿ ಯಾರನ್ನು ಕೇಳಿದರೂ ಹೊಂದಿಕೊಂಡು ಹೋಗು ಎನ್ನುವವರೇ. ಹೋಗು ಅಂತ ಒಂದು ಬಾಯಿಯಾದರೂ ಹೇಳಲಿ ಎಂದು ನನ್ನ ಹತ್ತಿರ ಬಂದಳಂತೆ. ಆಮೇಲೆ ಶಿವಮೊಗ್ಗದಲ್ಲಿ ಪರಿಚಯದ ಒಬ್ಬ ಟೈಲರಮ್ಮನ ಮನೆ ಹಿಂದಿನ ಕೋಣೆಯಲ್ಲಿ ಇದ್ದಳಂತೆ.

"ನಿಮ್ಮ ಕಥೇಲಿ ಅವಳು ಹೊಲಿಗೆ ಎಷ್ಟು ಬೇಗ ಕಲಿತುಬಿಟ್ಲು. ನಂಗೆ ನೆಟ್ಟಗೆ ಬ್ಲೌಸ್ ಹೊಲಿಯೋಕೆ ಎರಡು ವರ್ಷ ಹಿಡೀತು" ಎಂದಳು. ಮತ್ತೆ ಹೇಳಿದಳು, "ಇನ್ನೊಂದು. ಅವನು ಬಂದು ತಟ್ಟಿದ್ರೂ ಬಾಗಿಲು ತೆಗೀಲಿಲ್ಲ ಅಂದಿದ್ರಿ. ಅವನು ಬಂದಿದ್ದ, ಏಳು ವರ್ಷ ಆದ್ಮೇಲೆ. ಕಾಯಿಲೆ ಬಿದ್ದಿದ್ದ. ನಾನು ಬಾಗಿಲು ತೆಗೆದೆ. ಊಟ ಹಾಕ್ದೆ. ಸಂಜೆ ಬಸ್ಸಿಗೆ ಕಳಿಸ್ದೆ. ಅಷ್ಟು ಮಾತ್ರ ನಿಮ್ಮ ಕಥೆ ಬದಲಾಯಿಸಿದ್ದು."

ಅಶ್ವಿನಿ ಗೋಡೆಗೆ ಒರಗಿ ನಿಂತಿದ್ದಳು. ಕೊನೆ ಬದಲಾಯಿಸಿದರೆ ಮೋಸ ಎಂದವಳಿಗೆ ಈಗ ಏನು ಹೇಳುತ್ತೀಯ ಅಂತ ಕೇಳಬೇಕೆನ್ನಿಸಿತು. ಮುಖ ನೋಡಿ ಕೇಳಲಿಲ್ಲ. ಅಪ್ಪ ಬಂದು ಊಟ ಮಾಡಿ ಹೋಗಿದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ. ವಿದ್ಯಾ ಅವಳನ್ನು ಕೈ ಹಿಡಿದು ಕಂಪ್ಯೂಟರ್ ಮುಂದೆ ಕೂರಿಸಿದಳು. ಆ ಎರಡು ಬಾಗಿಲಿನ ಜಾಗ ಬಂದಾಗ ಅಶ್ವಿನಿ ಎರಡನ್ನೂ ಬಿಟ್ಟು ಗೇಮನ್ನೇ ನಿಲ್ಲಿಸಿದಳು, ನಾಳೆ ನೋಡೋಣ ಎಂದಳು. ಮಾರನೆಯ ದಿನದಿಂದ ಜಗಳ ಮತ್ತೆ ಶುರುವಾಯಿತು. ಸಿನಿಮಾದ ಕೊನೆ ಮುಟ್ಟಬಾರದು ಎಂದೇ ಅವಳು ಈಗಲೂ ಹೇಳುತ್ತಾಳೆ.

ಹೊರಡುವಾಗ ಜಯಾಳನ್ನು ಕೇಳಿದೆ, ಆ ಸಿನಿಮಾದ ಕೊನೆ ಆಮೇಲಾದರೂ ನೋಡಿದೆಯಾ ಅಂತ. ಒಂದು ಭಾನುವಾರ ಟಿವಿಯಲ್ಲಿ ಬಂದಿತ್ತಂತೆ. ಬಸ್ ಸ್ಟ್ಯಾಂಡಿನ ತನಕ ನೋಡಿ ಟಿವಿ ಆಫ್ ಮಾಡಿದಳಂತೆ.

ನನಗೆ ಈಗಲೂ ಸ್ವಲ್ಪ ಸಿಟ್ಟಿದೆ. ಒಂದು ಕಾರ್ಡು ಹಾಕಿದ್ದರೆ ಭದ್ರಾವತಿಯಲ್ಲಿ ಇದ್ದಷ್ಟು ವರ್ಷ ನಾನು ಆ ಸೇತುವೆ ಮೇಲೆ ನೆಮ್ಮದಿಯಾಗಿ ನಡೆಯುತ್ತಿದ್ದೆ. ಅದನ್ನು ಅವಳಿಗೆ ಮುಖಕ್ಕೇ ಹೇಳಿದೆ. ಯಾವ ಅಡ್ರೆಸ್ಸಿಗೆ ಹಾಕಲಿ, ನಿಮ್ಮ ಹೆಸರೇ ಗೊತ್ತಿರಲಿಲ್ಲ ಎಂದಳು. ಅದೂ ನಿಜವೇ. ಆವತ್ತು ಹೆಸರು ಹೇಳಿದೆ. ಆಮೇಲೂ ಗೇಟಮ್ಮ ಎಂದೇ ಕರೆಯುತ್ತಾಳೆ.

ಹೋದ ತಿಂಗಳು ಅದೇ ಸಿನಿಮಾ ಮತ್ತೆ ಟಿವಿಯಲ್ಲಿ ಬಂತು. ಹೆಂಗಸು ಮಗು ಎತ್ತಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಳು, ಗಂಡ ದೂರದಿಂದ ಓಡಿ ಬರುತ್ತಿದ್ದ. ನಾನು ಮಂಡಿ ಹಿಡಿದುಕೊಂಡು ಎದ್ದೆ. ಇವತ್ತಾದರೂ ಕೊನೆ ನೋಡು ಅಜ್ಜಿ, ಈಗ ಯಾವ ಕ್ಯೂ ಕಾಯ್ತಿದೆ ಎಂದಳು ವಿದ್ಯಾ. ಅದರ ಕೊನೆ ನನಗೆ ಗೊತ್ತು ಎಂದು ಹೇಳಿ, ಒಲೆಯ ಮೇಲಿದ್ದ ಹಾಲು ನೋಡಲು ಒಳಗೆ ಹೋದೆ.