ಅಡುಗೆ ಇಲ್ಲದ ಒಲೆ

ನಮ್ಮ ಮನೆಯ ಮುಂಗೋಣೆಯ ಗೋಡೆಯಲ್ಲಿ, ನೆಲಕ್ಕೆ ಹತ್ತಿದಂತೆ, ಕಮಾನಿನ ಹಾಗೆ ಬಾಗಿದ ಒಂದು ದೊಡ್ಡ ಗೂಡಿದೆ. ಅದರಲ್ಲಿ ನಾನು ಈರುಳ್ಳಿ ಬುಟ್ಟಿ ಇಡುತ್ತಿದ್ದೆ. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸವಾಗಿ, ಊರಿಗಾಂನಲ್ಲಿ ಚಿನ್ನದ ಗಣಿ ಕಂಪನಿಯ ಕಾಲದ ಈ ಹಳೆಯ ಮನೆಗೆ ನಾವು ಬಾಡಿಗೆಗೆ ಬಂದಂದಿನಿಂದಲೂ ಅದು ಈರುಳ್ಳಿಯ ಗೂಡೇ. ವಸ್ತುವೊಂದಕ್ಕೆ ನಮ್ಮದೇ ಉಪಯೋಗವನ್ನು ಅಂಟಿಸಿಬಿಟ್ಟೆವೆಂದರೆ, ಅದು ಮೊದಲು ಏನಾಗಿತ್ತೆಂದು ಕೇಳುವ ಗೋಜಿಗೇ ಹೋಗುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೀತು, ನೋಡಿಕೊಳ್ಳಿ.

ನನ್ನ ಕುತೂಹಲವೆಲ್ಲ ಹಿತ್ತಿಲಿನ ಪಾಲಾಗಿತ್ತು. ಗಣಿ ಅಗೆದ ಊರಿನ ಮಣ್ಣು, ಗುದ್ದಲಿ ಹಾಕಿದರೆ ಕಲ್ಲೇ ಮೊದಲು ಮಾತಾಡುತ್ತದೆ. ಆದರೂ ಮಳೆ ಮುಗಿದು ಮಾರ್ಗಶಿರದ ಮಂಜು ಇಳಿಯತೊಡಗಿದರೆ ಆ ಮುನಿಸಿನ ಮಣ್ಣೇ ಮೆತ್ತಗಾಗುತ್ತದೆ. ಮೆಂತ್ಯ ಚಿಗುರುತ್ತದೆ, ಸೇವಂತಿಗೆ ಮೊಗ್ಗು ಬಿಗಿಯುತ್ತದೆ, ಬೇಲಿಗೆ ಹಬ್ಬಿಸಿದ ಅವರೆ ಗೊಂಚಲು ಗೊಂಚಲಾಗಿ ಹೂಬಿಟ್ಟು ಕಾಯಿ ಕಚ್ಚುತ್ತದೆ. ಬೆಳಗಿನ ಹಿಮ ಬಿದ್ದಷ್ಟೂ ಕಾಯಿಗೆ ಸೊಗಡು ಹೆಚ್ಚೆಂದು ಇಲ್ಲಿಯವರು ಹೇಳುತ್ತಾರೆ. ಹಿಮ ಕರಗಿ ಹೋಗುವಂಥದ್ದು, ಸೊಗಡು ಕೈ ತೊಳೆದರೂ ಹೋಗದಂಥದ್ದು. ಅದರಿಂದ ಇದು ಹೇಗೆ ಹುಟ್ಟುತ್ತದೆ ಎಂದು ಕಾಯಿ ಬಿಡಿಸುತ್ತಾ ಬೆರಳು ಮೂಸಿ ನೋಡಿಕೊಳ್ಳುವುದು ನನ್ನ ಚಳಿಗಾಲದ ಸುಖಗಳಲ್ಲೊಂದು.

ಈ ಸಲ ದೀಪಾವಳಿ ಕಳೆದ ಮೇಲೆ ಅತ್ತೆ ಹಾವೇರಿ ಕಡೆಯಿಂದ ನಮ್ಮಲ್ಲಿಗೆ ಬಂದರು. ಮಾವ ತೀರಿಕೊಂಡು ಆಗಿನ್ನೂ ಮಳೆಗಾಲವೊಂದು ಕಳೆದಿತ್ತು. ಅತ್ತೆಯನ್ನು ನಾವೆಲ್ಲ ಅವ್ವ ಎನ್ನುತ್ತೇವೆ. ಮೊದಲೆಲ್ಲ ಅವ್ವ ಎಂದರೆ ಪ್ರಶ್ನೆಗಳ ಮೂಟೆ. ಬಸ್ಸಿನಲ್ಲಿ ಪಕ್ಕ ಕೂತವರ ಹೊಲದ ಬದುವಿನ ಜಗಳವನ್ನೂ ಇಳಿಯುವುದರೊಳಗೆ ಕೇಳಿ ತಿಳಿದಿರುತ್ತಿದ್ದರು. ಈಗ ಬಂದವರು ಏನನ್ನೂ ಕೇಳುತ್ತಿರಲಿಲ್ಲ. ಶಾಲು ಹೊದ್ದು ಗೋಡೆಗೆ ಒರಗಿ ಕೂರುವರು, ಹಾಕಿದಷ್ಟನ್ನು ಅರ್ಧ ಉಂಡು ಏಳುವರು. ಮಾವ ಹೋದ ದಿನವೂ ಕಣ್ಣೀರು ಹಾಕಿರಲಿಲ್ಲ. ಸಂಕ್ರಾಂತಿ ಮುಗಿಯುತ್ತಲೇ ಮಗಳ ಊರಿಗೆ ಹೋಗುತ್ತೇನೆ, ಟಿಕೇಟು ತೆಗೆಸು ಎಂದು ಮಗನಿಗೆ ಹೇಳಿಟ್ಟಿದ್ದರು. ಇಲ್ಲಿನ ಚಳಿ ಒಗ್ಗದು, ಇಲ್ಲಿನವರ ಮಾತು ತಿಳಿಯದು ಎಂಬುದು ಅವರು ಕೊಟ್ಟ ಕಾರಣ.

ಮಾತು ತಿಳಿಯದು ಎಂದದ್ದು ಪಕ್ಕದ ಮನೆಯ ಕನಕಮ್ಮನನ್ನು ಕುರಿತು. ಕನಕಮ್ಮ ಬಂಗಾರಪೇಟೆ ಹತ್ತಿರದ ಹಳ್ಳಿಯ ಒಕ್ಕಲಿನ ಮನೆಯಲ್ಲಿ ಹುಟ್ಟಿ, ಇಲ್ಲಿನ ತಮಿಳು ಮಾತಿನ ಗಣಿ ಕೆಲಸದವರ ಮನೆಗೆ ಸೊಸೆಯಾಗಿ ಬಂದವರು. ಎರಡು ಹಸು ಕಟ್ಟಿದ್ದಾರೆ. ನಮಗೆ ಹಾಲೂ ಅವರದೇ, ನನ್ನ ಹಿತ್ತಿಲಿಗೆ ಗೊಬ್ಬರವೂ ಅವರದೇ. ಕನ್ನಡದಲ್ಲಿ ಹೊರಟ ಅವರ ವಾಕ್ಯ ತೆಲುಗಿನಲ್ಲಿ ಒಂದು ಗಳಿಗೆ ತಂಗಿ ತಮಿಳಿನಲ್ಲಿ ಮನೆ ಸೇರುತ್ತದೆ. ಅವ್ವನೂ ಅವರೂ ಬೇಲಿಯ ಆಚೀಚೆ ನಿಂತು ನಕ್ಕು ಸುಮ್ಮನಾಗುತ್ತಿದ್ದರು.

ಧನುರ್ಮಾಸದ ಒಂದು ಬೆಳಿಗ್ಗೆ, ಬೀದಿಯೇ ಕಾಣದಷ್ಟು ಮಂಜು. ಕನಕಮ್ಮ ಹಾಲು ತಂದು ಒಳಗೆ ನಿಂತಿದ್ದರು. ನಾನು ಈರುಳ್ಳಿ ತೆಗೆಯುತ್ತಿದ್ದೆ. ಅವ್ವ ಆ ಗೂಡನ್ನೇ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು, "ಇದು ಒಲಿ ಏನು? ಒಲಿ ಆಗಿದ್ರ ಮ್ಯಾಲ ಬೋಗುಣಿ ಎಲ್ಲೆ ಇಡ್ತಿದ್ರು?"

ಬಂದಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ನಾನು ಬುಟ್ಟಿಯನ್ನು ಅತ್ತ ಸರಿಸಿ ಒಳಗೆ ಬಗ್ಗಿ ನೋಡಿದೆ. ಮೇಲೆ ಕಪ್ಪು ಕತ್ತಲೆ. ಚಳಿ ಕಾಯಿಸಿಕೊಳ್ಳಲೆಂದೇ ಮಾಡಿದ್ದು, ಅಡುಗೆಗಲ್ಲ ಎಂದರು ಕನಕಮ್ಮ. ಹಾಗಂತ ಅವರತ್ತೆ ಹೇಳುತ್ತಿದ್ದರಂತೆ, ತಾವಂತೂ ಉರಿದದ್ದು ನೋಡಿಲ್ಲವಂತೆ. ಬೇಯಿಸುವುದಕ್ಕೇನೂ ಇಲ್ಲದೆ ಬೆಂಕಿ ಹಾಕಿ ಸುಮ್ಮನೆ ಕೂರುವ ಮನುಷ್ಯರು ಅವ್ವನಿಗೆ ಬಹಳ ವಿಚಿತ್ರವಾಗಿ ಕಂಡರು. ನನಗೂ. ಎಲ್ಲಿಯೋ ಹಿಮ ಬೀಳುವ ದೇಶದ ಕಂಪನಿ ದೊರೆಗಳು ಈ ಬಂಡೆಗಳ ಸೀಮೆಗೆ ಬಂದು ಮನೆ ಕಟ್ಟುವಾಗ ತಮ್ಮ ಊರಿನ ಚಳಿಗೂ ಒಂದು ಜಾಗ ಮಾಡಿದ್ದರಲ್ಲ! ಊರು ಬಿಟ್ಟು ಬರುವಾಗ ಏನೇನನ್ನು ಹೊತ್ತು ತರುತ್ತೇವೆಂಬುದು ನಮಗೇ ಗೊತ್ತಿರುವುದಿಲ್ಲವೇನೋ.

ಹೊತ್ತಿಸಿ ನೋಡಿದರೇನು ಎಂದು ಮೊದಲು ಯಾರು ಅಂದರೋ ನೆನಪಿಲ್ಲ. ಗಂಡ ಬೆಳಗಿನ ಪಾಳಿಗೆ ಹೋಗಿದ್ದರು, ಬೇಡವೆನ್ನುವವರಿರಲಿಲ್ಲ. ನೀಲಗಿರಿಯ ಒಣಪುಳ್ಳೆ, ತೆಂಗಿನ ಚಿಪ್ಪು ಹಾಕಿ ಕಡ್ಡಿ ಗೀರಿದೆ. ಚಟಪಟನೆ ಹತ್ತಿಕೊಂಡಿತು, ನಾವು ಮೂವರೂ ಅಂಗೈ ಚಾಚಿದೆವು. ಮರುಗಳಿಗೆಗೆ ಹೊಗೆಯೆಲ್ಲ ತಿರುಗಿ ಕೋಣೆಗೇ ನುಗ್ಗಿತು. ಕೊಡ ನೀರು ಸುರಿದು, ಕೆಮ್ಮುತ್ತಾ ಹಿತ್ತಿಲಿಗೆ ಓಡಿ ಅವರೆ ಬಳ್ಳಿಯ ಪಕ್ಕ ಕುಸಿದು ಕೂತೆವು.

ನಾನೂ ಕನಕಮ್ಮನೂ ಕಣ್ಣೊರೆಸಿಕೊಂಡೆವು. ಅವ್ವನ ಕಣ್ಣು ಮಾತ್ರ ನಿಲ್ಲಲಿಲ್ಲ. ಹೊಗೆ ತಿಳಿಯಾದ ಮೇಲೂ ನೀರು ಇಳಿಯುತ್ತಲೇ ಇತ್ತು, ಆಮೇಲೆ ಭುಜ ಅದುರತೊಡಗಿತು, ಆಮೇಲೆ ದನಿಯೂ ಬಂತು. ಇಷ್ಟು ತಿಂಗಳು ಎಲ್ಲಿಟ್ಟುಕೊಂಡಿದ್ದರೋ ಅದನ್ನು. ನಾನು ಒಳಗಿಂದ ನೀರು ತರಲೆಂದು ಎದ್ದರೆ ಕನಕಮ್ಮ ನನ್ನ ಸೆರಗು ಹಿಡಿದು ಕೂರಿಸಿದರು.

"ಅಳ್ಲಿ ಬುಡಮ್ಮ. ಯಾರಾನ ಕೇಳುದ್ರೆ ಒಗೆ ಅಂದ್ರಾಯ್ತು."

ಹೀಗೆಂದು ಅವ್ವನ ಬೆನ್ನ ಮೇಲೆ ಕೈಯಿಟ್ಟು, ತೆಲುಗೋ ತಮಿಳೋ ನನಗೂ ಗುರುತು ಸಿಗದ ಮೆಲುಮಾತಿನಲ್ಲಿ ಏನನ್ನೋ ಹೇಳುತ್ತಾ ಕೂತರು. ಬಹಳ ಹೊತ್ತಿನ ಮೇಲೆ ಅವ್ವ ಮೂಗೊರೆಸಿಕೊಂಡು ನನ್ನತ್ತ ತಿರುಗಿದರು.

"ಒಗಿ ಅಂತಾಳಲ್ಲ ಆಕಿ, ಏನ್ ಒಗೀಬೇಕಂತ?"

ನಮ್ಮ ಕಡೆ ಒಗಿ ಎಂದರೆ ಬಟ್ಟೆ ತೊಳೆ, ಇಲ್ಲವೇ ಎಸೆ. ಅದು ಹೊಗೆ ಅವ್ವ, ಇಲ್ಲಿ ಹಕಾರ ನುಂಗುತ್ತಾರೆ ಎಂದು ನಾನು ವಿವರಿಸಿದೆ. ಅವ್ವ ಕನಕಮ್ಮನ ಮುಖ ನೋಡಿದರು. ಮಸಿ ಮೆತ್ತಿದ ಆ ಮುಖ ಗಂಭೀರವಾಗಿ ತಲೆದೂಗುತ್ತಿತ್ತು. ಅವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕರು, ನಗುತ್ತಲೇ ಮತ್ತಿಷ್ಟು ಅತ್ತರು.

ಭಾನುವಾರ ಗಂಡ ಏಣಿ ಹಾಕಿ ಮಾಡು ಹತ್ತಿ, ಹೊಗೆಗೂಡಿನ ಬಾಯಿಗೆ ಮುಚ್ಚಿದ್ದ ತಗಡನ್ನೂ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡನ್ನೂ ಕಿತ್ತು ತೆಗೆದರು. ಸಂಜೆ ಮತ್ತೆ ಹೊತ್ತಿಸಿದಾಗ ಹೊಗೆ ನೆಟ್ಟಗೆ ಮೇಲೇರಿತು; ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅಂದಿನಿಂದ ಕನಕಮ್ಮ ಸಂಜೆ ನಮ್ಮಲ್ಲಿಗೆ ಬರತೊಡಗಿದರು. ನೆನೆಸಿದ ಅವರೆಕಾಳನ್ನು ಬೆಂಕಿಯ ಮುಂದೆ ಕೂತು ಹಿತುಕುವ ಕೆಲಸ: ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಕ್ಕನೆ ಪಾತ್ರೆಗೆ ಹಾರುತ್ತದೆ. ಸಿಪ್ಪೆ ಸುಲಿದ ಕಾಳಿಗೆ ರುಚಿ ಎಲ್ಲಿಯದು ಎಂದು ಅವ್ವ ವಾದಿಸಿದರು. ಸಾರು ಉಂಡ ಮೇಲೆ ವಾದ ಬಿಟ್ಟರು. ಸುಮ್ಮನೆ ಉರಿಯುವ ಬೆಂಕಿಯನ್ನು ಮಾತ್ರ ಕೊನೆಗೂ ಒಪ್ಪಲಿಲ್ಲ, ದಿನವೂ ಕೆಂಡದೊಳಗೆ ಒಂದು ಬದನೆಕಾಯಿಯನ್ನೋ ಗೆಣಸನ್ನೋ ಹುಗಿದಿಡುವರು.

ಸಂಕ್ರಾಂತಿ ಬಂತು, ಎಳ್ಳು ಬೀರಿದ್ದಾಯಿತು. ಟಿಕೇಟಿನ ಮಾತನ್ನು ಗಂಡ ಎತ್ತಿದಾಗ ಅವ್ವ ಕಾಳಿನಿಂದ ಕಣ್ಣೆತ್ತದೆ, ಅವರೆಕಾಯಿ ಮುಗಿಯಲಿ ಎಂದರು. ಅವರೆ ಮುಗಿಯಿತು. ಕನಕಮ್ಮನ ತವರಿನ ಮರದ ಹುಣಸೆಹಣ್ಣು ಬರುವುದಿದೆ, ಕುಟ್ಟಿ ಬೀಜ ತೆಗೆದು ಕೊಟ್ಟು ಹೋಗುತ್ತೇನೆ ಎಂದರು. ಹುಣಸೆಯೂ ಬಂದು ಜಾಡಿ ಸೇರಿತು.

ಮೊನ್ನೆ ಬೆಳಿಗ್ಗೆ ಹಿತ್ತಿಲಲ್ಲಿ ಮಾತು ಕೇಳಿಸಿತು. ಕಿಟಕಿಯಿಂದ ನೋಡಿದೆ. ಅವ್ವ ಬೇಲಿಯ ಗೂಟ ಹಿಡಿದು, ನನ್ನ ನೆರವಿಲ್ಲದೆ, ಈ ಸೀಮೆಯ ಮಾವಿನ ವಿಷಯವನ್ನೆಲ್ಲ ವಿಚಾರಿಸುತ್ತಿದ್ದರು: ಯಾವ ಜಾತಿ, ಉಪ್ಪಿನಕಾಯಿಗೆ ಯಾವುದು, ಮಾರುಕಟ್ಟೆಗೆ ಬರುವುದು ಯಾವಾಗ. ಕನಕಮ್ಮ ಹಸುವಿಗೆ ಹುಲ್ಲು ಹಾಕುತ್ತಾ ಹೇಳಿದರು, "ಯುಗಾದಿ ಕಳೀಲಿ ತಾಯಿ, ಇನ್ನಾ ಈಚು ಕಾಯಿ. ಏನಂಥಾ ಅವಸರ?"

ಅವ್ವ ಬೇಲಿಗೆ ಇನ್ನಷ್ಟು ಒರಗಿದರು.

"ನನಗೇನ್ ಅವಸರ ಇಲ್ಲ ಬಿಡವಾ," ಎಂದರು.